ಉಬ್ಬಿದರೆ ಅತ್ತೆಯದು, ಕೆಟ್ಟರೆ ದೃಷ್ಟಿಯದು

ದೋಸೆ ಹಿಟ್ಟು ಉಬ್ಬುವುದರಲ್ಲಿ ಎಷ್ಟು ರಾಜಕೀಯ ಇದೆ ಎಂಬುದು ವಿಧಾನಸೌಧದಲ್ಲಿ ಕೂತವರಿಗೆ ಗೊತ್ತಿರಲಾರದು. ಕೂಡುಕುಟುಂಬದಲ್ಲಿ ಬೆಳೆದವರಿಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಎದ್ದಾಗ ಹಿಟ್ಟು ಮುಚ್ಚಳ ತಳ್ಳಿಕೊಂಡು ಕಟ್ಟೆಯ ಮೇಲೆ ಹರಿದಿದ್ದರೆ ಕೀರ್ತಿ ಅತ್ತೆಯದು: ‘ನೋಡು, ಅವರು ಕೈ ಹಾಕಿದ್ದಕ್ಕೆ ಹೇಗೆ ಉಕ್ಕಿದೆ!’ ಸಪ್ಪಗೆ ತಳದಲ್ಲೇ ಕೂತಿದ್ದರೆ ಸೊಸೆ ಕಲಸಿದ್ದು. ಸೊಸೆ ಆ ರಾತ್ರಿ ತವರುಮನೆಯಲ್ಲಿದ್ದಳು ಎಂದು ಸಾಬೀತಾದರೆ ಚಳಿ ಜಾಸ್ತಿ. ಏಪ್ರಿಲ್ ತಿಂಗಳಲ್ಲಿ ಎಲ್ಲಿಯ ಚಳಿ ಎಂದು ಯಾರಾದರೂ ಕೇಳಿದರೆ, ಅಂಗಡಿಯವನು ಹಳೇ ಉದ್ದು ಕೊಟ್ಟ. ಒಟ್ಟಿನಲ್ಲಿ ಉಬ್ಬಿದ್ದಕ್ಕೆ ಒಬ್ಬರೇ ಕಾರಣ, ಉಬ್ಬದ್ದಕ್ಕೆ ನೂರು.

ನನ್ನ ಸೋದರತ್ತೆ ಈ ಕೈಗುಣದ ವಿಷಯದಲ್ಲಿ ಎತ್ತಿದ ಕೈ. ರಾತ್ರಿ ರುಬ್ಬಿದ ಹಿಟ್ಟಿಗೆ ಬಳೆ ಮೇಲೇರಿಸಿಕೊಂಡು ಮೊಣಕೈವರೆಗೂ ಇಳಿದುಬಿಡುತ್ತಾರೆ. ಉಪ್ಪು ಹಾಕಿ ತಳದಿಂದ ಎತ್ತಿ ಎತ್ತಿ ಬೀಸಿ, ಪಾತ್ರೆಯ ಅಂಚನ್ನು ಬೆರಳಿನಿಂದ ಬಳಿದು, ಕೊನೆಗೆ ಹಿಟ್ಟಿನ ಬೆನ್ನು ತಟ್ಟಿ ‘ಮಲಕ್ಕೋ’ ಎನ್ನುವವರೆಗೆ ಅಲ್ಲಿಂದ ಕದಲುವುದಿಲ್ಲ. ಸೌಟು ಹಿಡಿದು ಹೋದ ನನ್ನ ಹೆಂಡತಿಗೆ ಅವರು ಕೊಟ್ಟ ನೋಟ ಇನ್ನೂ ನನ್ನ ಕಣ್ಣಮುಂದಿದೆ. ಸೌಟಿನಿಂದ ಕಲಸುವುದು ಹಿಟ್ಟಿಗೆ ಮಾಡುವ ಅವಮಾನವಂತೆ.

ಇಂಥ ಅತ್ತೆಯ ಎದುರು ವಿಜ್ಞಾನದ ಮಾತು ಎತ್ತಲು ಎದೆಗಾರಿಕೆ ಬೇಕು. ನನಗೆ ಆ ಎದೆಗಾರಿಕೆ ಬಂದದ್ದು 1965ರ ಒಂದು ಸಂಶೋಧನಾ ಲೇಖನ ಓದಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜಿನೀವಾ ಅಂತ ಒಂದು ಊರಿದೆ. ಶಾಂತಿ ಮಾತುಕತೆ ನಡೆಯುವ ಸ್ವಿಸ್ ಜಿನೀವಾ ಬೇರೆ. ಇಲ್ಲಿರುವುದು ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಪ್ರಯೋಗ ಕೇಂದ್ರ. ಅಲ್ಲಿ ಮುಖರ್ಜಿ, ಆಲ್ಬರಿ, ಪೆಡರ್ಸನ್, ವಾನ್ ವೀನ್, ಸ್ಟೈನ್‌ಕ್ರಾಸ್ ಎಂಬ ಐವರು ಸೇರಿ ಇಡ್ಲಿ ಹಿಟ್ಟು ಕಲಸಿದರು. ಐವರಲ್ಲಿ ಯಾರೂ ಯಾರ ಅತ್ತೆಯೂ ಆಗಿದ್ದಂತೆ ಕಾಣುವುದಿಲ್ಲ. ಆದರೂ ಹಿಟ್ಟು ಉಬ್ಬಿತು!

ಉಬ್ಬಿದ್ದಷ್ಟೇ ಅಲ್ಲ, ಉಬ್ಬಿಸಿದವರು ಯಾರು ಎಂದೂ ಅವರು ಪತ್ತೆ ಹಚ್ಚಿದರು. ಲ್ಯುಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಅದು ಹಿಟ್ಟಿನ ಸಕ್ಕರೆ ತಿಂದು ಹುಳಿಯನ್ನೂ ಕೊಡುತ್ತದೆ, ಗಾಳಿಯನ್ನೂ ಬಿಡುತ್ತದೆ. ಹುಳಿ ಏರಿಸುವುದಕ್ಕೆ ಇನ್ನೊಂದೆರಡು ಬ್ಯಾಕ್ಟೀರಿಯಾಗಳು ಜೊತೆಗೂಡುತ್ತವೆ. ಬ್ರೆಡ್ಡನ್ನು ಉಬ್ಬಿಸುವ ಯೀಸ್ಟಿಗೆ ಇಡ್ಲಿಯಲ್ಲಿ ದೊಡ್ಡ ಪಾತ್ರವೇ ಇಲ್ಲ. ಲೋಕದಲ್ಲಿ ಬ್ರೆಡ್ಡು ತಿನ್ನುವವರೆಲ್ಲ ಯೀಸ್ಟಿನ ಋಣದಲ್ಲಿದ್ದರೆ ನಾವು ಬ್ಯಾಕ್ಟೀರಿಯಾದ ಋಣದಲ್ಲಿದ್ದೇವೆ. ಇನ್ನೂ ಮುಖ್ಯವಾದದ್ದು, ಈ ಬ್ಯಾಕ್ಟೀರಿಯಾ ಹೊರಗಿನಿಂದ ಯಾರೂ ತಂದು ಹಾಕಬೇಕಾಗಿಲ್ಲ. ಉದ್ದಿನ ಮೇಲೂ ಅಕ್ಕಿಯ ಮೇಲೂ ಅದು ಮೊದಲೇ ಕೂತಿರುತ್ತದೆ. ನೆನೆ ಹಾಕಿದ ನೀರಿನಲ್ಲಿ ಎಚ್ಚೆತ್ತು, ರುಬ್ಬುವ ಹೊತ್ತಿಗೆ ಸಾಕಷ್ಟು ಸಂಸಾರ ಬೆಳೆಸಿಕೊಂಡು, ರಾತ್ರಿಯಿಡೀ ದುಡಿಯುತ್ತದೆ. ಹೆಸರು ಹೇಳಲು ಹೋದರೆ ಮಾತ್ರ ನಾಲಿಗೆ ತೊಡರುತ್ತದೆ. ಅದಕ್ಕೇ ಇರಬೇಕು, ಕೀರ್ತಿ ಇನ್ನೂ ಅತ್ತೆಯ ಖಾತೆಯಲ್ಲೇ ಉಳಿದಿದೆ.

ಗಾಳಿ ಬಿಟ್ಟರಾಯಿತೇ, ಅದನ್ನು ಹಿಡಿದಿಡುವುದು ಯಾರು? ಇದಕ್ಕೆ ಉತ್ತರ ಕೊಟ್ಟವರು ನಮ್ಮ ಮೈಸೂರಿನವರೇ. 1950ರಲ್ಲಿ ಚೆಲುವಾಂಬ ವಿಲಾಸ ಎಂಬ ಅರಮನೆಯಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಊರವರ ಬಾಯಲ್ಲಿ ಸಿಎಫ್‌ಟಿಆರ್‌ಐ. ಅಲ್ಲಿ ಸುಶೀಲಮ್ಮ ಮತ್ತು ಎಂ.ವಿ.ಎಲ್. ರಾವ್ ಅವರು 1970ರ ದಶಕದಲ್ಲಿ ಉದ್ದಿನ ಬೆನ್ನು ಹತ್ತಿ ಕೂತರು. ಉದ್ದಿನಲ್ಲಿರುವ ಗ್ಲಾಬ್ಯುಲಿನ್ ಎಂಬ ಪ್ರೋಟೀನು ನೊರೆ ಕಟ್ಟುತ್ತದೆ. ಅರಾಬಿನೊಗ್ಯಾಲಕ್ಟನ್ ಎಂಬ ಲೋಳೆ ಆ ನೊರೆ ಒಡೆಯದಂತೆ ಕಾಯುತ್ತದೆ. ಉದ್ದು ರುಬ್ಬುವಾಗ ಬೆರಳಿಗೆ ಅಂಟಿಕೊಂಡು ತೊಳೆದರೂ ಬಿಡದ ಆ ಜಾರು ಜಾರು ಲೋಳೆ ಇದೆಯಲ್ಲ, ಅದೇ. ಉದ್ದಿನ ಬದಲು ಇನ್ಯಾವುದೋ ಬೇಳೆ ಹಾಕಿ ‘ಪ್ರೋಟೀನು ಪ್ರೋಟೀನೇ ಅಲ್ಲವೇ’ ಎಂದು ವಾದ ಮಾಡುವವರ ಇಡ್ಲಿ ಗೋಡೆಗೆ ಹೊಡೆದರೆ ಗೋಡೆಗೇ ಪೆಟ್ಟಾಗುವುದು ಈ ಲೋಳೆ ಇಲ್ಲದ್ದರಿಂದ. ಅರಮನೆಯಲ್ಲಿ ಕೂತು ಉದ್ದಿನ ಲೋಳೆ ಅಳೆಯುವ ಯೋಗ ಮೈಸೂರಿನ ವಿಜ್ಞಾನಿಗಳಿಗಲ್ಲದೆ ಇನ್ಯಾರಿಗೆ ಒದಗೀತು?

ಇಷ್ಟನ್ನೂ ಅತ್ತೆಗೆ ವರದಿ ಒಪ್ಪಿಸಿದೆ. ಅವರು ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡು, ‘ಕಾಳಿನ ಮೇಲೇ ಇತ್ತು ಅಂತೀಯ. ಹಾಗಾದರೆ ಅಂಗಡಿಯ ಮೂಟೆಯಲ್ಲೇ ಯಾಕೆ ಉಬ್ಬಲಿಲ್ಲ?’ ಎಂದರು.

‘ಅದಕ್ಕೆ ನೀರು ಬೇಕು ಅತ್ತೆ.’

‘ನೀರು ಹಾಕಿದ್ದು ಯಾರು?’

‘ನೀವು.’

‘ರುಬ್ಬಿದ್ದು?’

‘ನೀವೇ.’

‘ಮತ್ತೆ?’ ಎಂದು ಅವರು ಮುಂದಿನ ಕಟ್ಟು ಬಿಚ್ಚಿದರು. ಜಿನೀವಾದ ಐವರೂ ಮೈಸೂರಿನ ಇಬ್ಬರೂ ಅಲ್ಲಿಗೆ ಮೌನ.

ಈ ‘ಮತ್ತೆ’ಗಿಂತ ಹೆಚ್ಚು ತೊಂದರೆ ಕೊಡುವುದು ವಾಟ್ಸಾಪು. ನಮ್ಮ ಹಿರಿಯರಿಗೆ ಬ್ಯಾಕ್ಟೀರಿಯಾ ವಿಷಯ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು ಎಂದು ದಿನಾ ಬೆಳಿಗ್ಗೆ ಯಾರಾದರೂ ಹೂವಿನ ಚಿತ್ರದ ಜೊತೆ ಕಳಿಸುತ್ತಾರೆ. ಇಡ್ಲಿ ಹಳೆಯದು, ನಿಜ. ಹತ್ತನೇ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಇದೆ. 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವ ಕ್ರಮವೇ ಇದೆ. ಅಕ್ಕಿಯ ಸುಳಿವಿಲ್ಲ. ಮಜ್ಜಿಗೆ ಹಾಕಿದರೆ ಏನಾಗುತ್ತದೆ ಎಂಬುದು ಚಾವುಂಡರಾಯನ ಕಾಲದವರಿಗೆ ಗೊತ್ತಿತ್ತು. ಯಾಕೆ ಆಗುತ್ತದೆ ಎಂಬುದು ಗೊತ್ತಿರಲಿಲ್ಲ. ಅದರಿಂದ ಅವರ ಮಾನವೇನೂ ಕಡಿಮೆಯಾಗುವುದಿಲ್ಲ. ಯಾಕೆ ಎಂದು ತಿಳಿದ ನಮ್ಮಲ್ಲಿ ಎಷ್ಟು ಜನರಿಗೆ ಮಲ್ಲಿಗೆಯಂಥ ಇಡ್ಲಿ ಮಾಡಲು ಬರುತ್ತದೆ?

ಅತ್ತೆಯ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಾಳೆ ನನಗೆ ಕಾಫಿ ಸಿಗುವುದಿಲ್ಲ. ರಾಬ್ ಡನ್, ಆನ್ ಮ್ಯಾಡನ್ ಮೊದಲಾದ ವಿಜ್ಞಾನಿಗಳು ಕೆಲವು ವರ್ಷಗಳ ಹಿಂದೆ ಬೇರೆ ಬೇರೆ ದೇಶಗಳ 15 ಮಂದಿ ಬ್ರೆಡ್ ಕಸುಬುದಾರರಿಗೆ ಒಂದೇ ತರಹದ ಹಿಟ್ಟು ಕಳಿಸಿಕೊಟ್ಟರು. ಅವರು ಅದರಲ್ಲಿ ತಮ್ಮ ತಮ್ಮ ಮನೆಯಲ್ಲೇ ಹುಳಿಹಿಟ್ಟಿನ ಹೆಪ್ಪು ಬೆಳೆಸಿ, ಅದನ್ನು ಎತ್ತಿಕೊಂಡು ಬೆಲ್ಜಿಯಂ ದೇಶಕ್ಕೆ ಬರಬೇಕು. ಬಂದರು. ವಿಜ್ಞಾನಿಗಳು ಹೆಪ್ಪಿನ ಸೂಕ್ಷ್ಮಾಣುಗಳ ಜೊತೆಗೆ ಹದಿನೈದೂ ಜನರ ಕೈ ಒರೆಸಿ ಅಲ್ಲಿನ ಸೂಕ್ಷ್ಮಾಣುಗಳನ್ನೂ ಲೆಕ್ಕ ಹಾಕಿದರು. ಮಾಮೂಲಿ ಮನುಷ್ಯರ ಕೈಮೇಲೆ ಹುಳಿ ಬರಿಸುವ ಜಾತಿಯ ಬ್ಯಾಕ್ಟೀರಿಯಾ ನೂರಕ್ಕೆ ಎರಡೋ ಮೂರೋ ಇದ್ದರೆ, ಇವರ ಕೈಮೇಲೆ ಸರಾಸರಿ ಕಾಲು ಭಾಗ ಅವೇ. ಕೆಲವರಲ್ಲಂತೂ ನೂರಕ್ಕೆ 80ರವರೆಗೆ! ಹಗಲೂ ರಾತ್ರಿ ಹಿಟ್ಟು ನಾದಿ ನಾದಿ ಅವರ ಕೈಯೇ ಹುಳಿಹಿಟ್ಟಾಗಿತ್ತು. ಕೈಯಿಂದ ಹೆಪ್ಪಿಗೆ ಹೋಯಿತೋ ಹೆಪ್ಪಿನಿಂದ ಕೈಗೆ ಬಂತೋ ಎಂದು ಕೇಳಿದರೆ ಎರಡೂ ನಡೆಯುತ್ತದೆ ಎನ್ನುವುದೇ ವಾಸಿ. ಕೊರಿಯಾದವರು ಕಿಮ್ಚಿಯ ರುಚಿ ಕಲಸಿದವರ ಕೈಯಲ್ಲಿದೆ ಎಂದು ಹೇಳಿಕೊಂಡೇ ಬಂದಿದ್ದಾರೆ. ಅಲ್ಲಿಗೂ ಅತ್ತೆಯಂದಿರಿದ್ದಾರೆ ಎಂದಾಯಿತು.

ಈ ಸುದ್ದಿ ಕೇಳಿ ನಮ್ಮ ಅತ್ತೆ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಆದರೆ ಕೈಗುಣಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಹೇಳಿದಾಗ ಯಾರೂ ಹಿಗ್ಗುವುದಿಲ್ಲ. ಹಿಟ್ಟು ಉಬ್ಬಿದ್ದಕ್ಕೆ ಕೈ ಕಾರಣ ಎನ್ನುವ ಮನೆಯವರೇ, ಮದುವೆ ಊಟವಾಗಿ ಮೂರು ಗಂಟೆಯಲ್ಲಿ ಅರ್ಧ ಛತ್ರ ಹಿತ್ತಿಲ ಕಡೆ ಓಡಿದರೆ ಕೈಯ ಸುದ್ದಿಯನ್ನೇ ಎತ್ತುವುದಿಲ್ಲ. ‘ಯಾರದೋ ದೃಷ್ಟಿ ಬಿತ್ತು. ಅಷ್ಟು ದೊಡ್ಡ ಮಂಟಪ, ಅಷ್ಟು ಬಗೆ ಸಿಹಿ, ಬೀಳದೆ ಇರುತ್ತಾ?’ ಎಂದು ಮೆಣಸಿನಕಾಯಿ ಉಪ್ಪು ಇಳಿ ತೆಗೆಯುತ್ತಾರೆ. ಊಟವಾಗಿ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ವಿಜ್ಞಾನಿಗಳು ಮೊದಲು ಸಂಶಯ ಪಡುವುದು ಸ್ಟೆಫಿಲೊಕಾಕಸ್ ಆರಿಯಸ್ ಮೇಲೆ. ಅದರ ಕಾಯಂ ವಿಳಾಸ ಮನುಷ್ಯರ ಮೂಗು. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ, ಏನೂ ತೊಂದರೆ ಕೊಡದೆ, ಬಾಡಿಗೆಯೂ ಕೊಡದೆ ವಾಸವಾಗಿರುತ್ತದೆ. ಮೂಗು ಮುಟ್ಟಿದ ಬೆರಳು ಪಾಯಸದ ಗೋಡಂಬಿ ಮುಟ್ಟಿದರೆ ಅದಕ್ಕೆ ಗೃಹಪ್ರವೇಶ. ಮಡಿ ಉಟ್ಟುಕೊಂಡರೆ ಇದರಿಂದ ಪಾರು ಎಂದು ಭಾವಿಸಿದವರಿಗೆ ಒಂದು ಸಣ್ಣ ಸೂಚನೆ: ಮಡಿ ಮೂಗಿನ ಒಳಗಿನವರೆಗೆ ಹೋಗುವುದಿಲ್ಲ.

ಈ ಸ್ಟೆಫಿಲೊಕಾಕಸ್‌ನ ಕೈವಾಡ ಪತ್ತೆ ಹಚ್ಚಿದ ಕಥೆಯೂ ಚೆನ್ನಾಗಿದೆ. ಫಿಲಿಪೀನ್ಸ್‌ನಲ್ಲಿ ಬಾರ್ಬರ್ ಎಂಬ ವಿಜ್ಞಾನಿ ಒಂದು ತೋಟಕ್ಕೆ ಹೋಗಿ ಬಂದಾಗಲೆಲ್ಲ ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಆ ತೋಟಕ್ಕೆ ಹೋಗುವುದನ್ನು ಬಿಡುತ್ತಿದ್ದರು. ಈತ ಅಲ್ಲಿನ ಹಾಲನ್ನು ಹಿಡಿದುಕೊಂಡ. ನೋಡಲು ಆರೋಗ್ಯವಾಗಿಯೇ ಇದ್ದ ಒಂದು ಹಸುವಿನ ಹಾಲು ಕರೆದ ಕೂಡಲೇ ಕುಡಿದರೆ ಏನೂ ಆಗುವುದಿಲ್ಲ. ಕೆಲವು ಗಂಟೆ ಹೊರಗಿಟ್ಟು ಕುಡಿದರೆ ಹೊಟ್ಟೆ ಕೆಡುತ್ತದೆ. ಇದನ್ನು ತಾನೇ ಕುಡಿದು, ಒಪ್ಪಿದ ಇನ್ನಿಬ್ಬರಿಗೂ ಕುಡಿಸಿ ಖಾತ್ರಿ ಮಾಡಿಕೊಂಡು 1914ರಲ್ಲಿ ಪ್ರಕಟಿಸಿದ. ವಾಂತಿ ಮಾಡಿಸಿದ್ದು ಬ್ಯಾಕ್ಟೀರಿಯಾಕ್ಕಿಂತ ಅದು ಹಾಲಿನಲ್ಲಿ ಕಕ್ಕಿಟ್ಟಿದ್ದ ವಿಷ. ಆಹಾರ ಸೂಕ್ಷ್ಮಜೀವಿಶಾಸ್ತ್ರ ಎಂಬ ವಿದ್ಯೆಯಲ್ಲಿ ಒಬ್ಬ ಪಂಡಿತನ ಹೊಟ್ಟೆಯೇ ಪ್ರಯೋಗಶಾಲೆಯಾದ ಉದಾಹರಣೆ ಇದೊಂದೇ ಅಲ್ಲ ಬಿಡಿ.

ಕೈಗುಣದ ಎರಡೂ ಮುಖ ಒಬ್ಬಳಲ್ಲೇ ಇದ್ದದ್ದು ಮೇರಿ ಮ್ಯಾಲನ್ ಎಂಬ ಅಡುಗೆಯವಳಲ್ಲಿ. ಐರ್ಲೆಂಡಿನಿಂದ ನ್ಯೂಯಾರ್ಕಿಗೆ ಬಂದವಳು, ದೊಡ್ಡ ಮನೆಗಳಲ್ಲಿ ಅಡುಗೆ. 1906ರ ಬೇಸಿಗೆಯಲ್ಲಿ ಆಯ್ಸ್ಟರ್ ಬೇ ಎಂಬಲ್ಲಿ ಒಬ್ಬ ಬ್ಯಾಂಕರನ ಕುಟುಂಬಕ್ಕೆ ಅಡುಗೆ ಮಾಡುತ್ತಿದ್ದಳು. ಮನೆಯ 11 ಜನರಲ್ಲಿ ಆರು ಮಂದಿಗೆ ಟೈಫಾಯ್ಡು ಬಂತು. ಜಾರ್ಜ್ ಸೋಪರ್ ಎಂಬ ಎಂಜಿನಿಯರನ್ನು ತನಿಖೆಗೆ ಕರೆದರು. ಅವನು ಬಾವಿ ನೋಡಿದ, ಚರಂಡಿ ನೋಡಿದ, ಏನೂ ಸಿಗಲಿಲ್ಲ. ಕೊನೆಗೆ ಅಡುಗೆಯವಳ ಹಳೇ ಮನೆಗಳ ಪಟ್ಟಿ ತೆಗೆದು ನೋಡುತ್ತಾನೆ: ಅವಳು ಹೋದಲ್ಲೆಲ್ಲ ಟೈಫಾಯ್ಡು ಹಿಂದೆಯೇ ಬಂದಿದೆ, ಅವಳಿಗೆ ಮಾತ್ರ ಒಂದು ಕೆಮ್ಮೂ ಇಲ್ಲ. ಬಿಸಿ ಬಿಸಿ ಬೇಯಿಸಿದ ಅಡುಗೆಯಲ್ಲಿ ರೋಗಾಣು ಸಾಯಬೇಕಲ್ಲ ಎಂದು ಸೋಪರ್ ತಲೆ ಕೆರೆದುಕೊಂಡ. ಉತ್ತರ ಐಸ್‌ಕ್ರೀಮಿನಲ್ಲಿತ್ತು. ಹಸಿ ಪೀಚ್ ಹಣ್ಣು ಹೆಚ್ಚಿ ಹಾಕಿ ಮೇರಿ ಮಾಡುವ ಐಸ್‌ಕ್ರೀಮು ಎಲ್ಲರಿಗೂ ಪ್ರಿಯ. ಹೆಚ್ಚಿದ ಕೈ, ಹಸಿ ಹಣ್ಣು, ಬೆಂಕಿಯ ಸೋಂಕೇ ಇಲ್ಲದ ತಿಂಡಿ.

1907ರಲ್ಲಿ ಸೋಪರ್ ಅವಳು ಕೆಲಸ ಮಾಡುತ್ತಿದ್ದ ಅಡುಗೆಮನೆಗೇ ಹೋಗಿ, ‘ನಿನ್ನ ಮಲ, ಮೂತ್ರ, ರಕ್ತ ಪರೀಕ್ಷೆಗೆ ಬೇಕು’ ಎಂದ. ಯಾರೋ ಅಪರಿಚಿತ ಒಳಗೆ ನುಗ್ಗಿ ಹೀಗೆ ಕೇಳಿದರೆ ಯಾವ ಅಡುಗೆಯವರು ಆರತಿ ಎತ್ತಿಯಾರು? ಮೇರಿ ಮಾಂಸ ಕೊಯ್ಯುವ ಫೋರ್ಕು ಎತ್ತಿಕೊಂಡು ಅಟ್ಟಿಸಿಕೊಂಡು ಬಂದಳು. ಸೋಪರ್ ಓಡಿದ. ಓಡಿದ್ದನ್ನು ಅವನೇ ಬರೆದುಕೊಂಡಿದ್ದಾನೆ. ಆಮೇಲೆ ಪೊಲೀಸರ ಸಮೇತ ಹೋಗಿ ಹಿಡಿದು ಒಂದು ದ್ವೀಪದಲ್ಲಿಟ್ಟರು. ಇನ್ನು ಅಡುಗೆ ಮಾಡುವುದಿಲ್ಲ ಎಂಬ ಕರಾರಿನ ಮೇಲೆ ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಹೊಟ್ಟೆ ತುಂಬಲಿಲ್ಲವೋ, ಒಲೆಯ ಸೆಳೆತವೋ, 1915ರಲ್ಲಿ ಹೆಸರು ಬದಲಾಯಿಸಿಕೊಂಡು ಹೆರಿಗೆ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಸಿಕ್ಕಿಬಿದ್ದಳು. ಮತ್ತೆ ಅದೇ ದ್ವೀಪ, 1938ರಲ್ಲಿ ಸಾಯುವವರೆಗೆ. ನನಗೆ ಅವಳ ಮೇಲೆ ಕನಿಕರವಿದೆ. ಅವಳಂತೆ ರೋಗಾಣು ಹೊತ್ತು ಆರೋಗ್ಯವಾಗಿ ತಿರುಗುತ್ತಿದ್ದವರು ಆ ಊರಿನಲ್ಲಿ ಇನ್ನೂ ಇದ್ದರು. ಜೀವಮಾನವಿಡೀ ದ್ವೀಪ ಸೇರಿದ್ದು ಹೊರದೇಶದಿಂದ ಬಂದ, ಬಾಯಿ ಜೋರಿದ್ದ, ಒಂಟಿ ಅಡುಗೆಯ ಹೆಂಗಸು.

‘ಏನೇ ಇರಲಿ, ಚೆನ್ನಾಗಿ ಕುದಿಸಿಬಿಟ್ಟರೆ ಎಲ್ಲ ಸಾಯುತ್ತೆ’ ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮ ಮನೆಯಲ್ಲಿ ಅವರು ನನ್ನ ಹೆಂಡತಿ. ಅವಳ ಪಾಲಿಗೆ ಕುಕ್ಕರಿನ ವಿಷಿಲ್ಲು ಎಂದರೆ ರೋಗಾಣುಗಳ ಮರಣಮೃದಂಗ. ಅನ್ನದಲ್ಲಿ ಬಾಸಿಲಸ್ ಸೀರಿಯಸ್ ಎಂದೊಂದು ಬ್ಯಾಕ್ಟೀರಿಯಾ ಇದೆ. ಅಕ್ಕಿ ಬೇಯುವಾಗ ಅದು ಬೀಜಾಣುವಾಗಿ ಮುದುರಿಕೊಂಡು ಬದುಕಿಕೊಳ್ಳುತ್ತದೆ. ಅನ್ನ ಆರಿ ಉಗುರುಬೆಚ್ಚಗಾದಾಗ ಎದ್ದು ಬೆಳೆದು, ಸೆರಿಯುಲೈಡ್ ಎಂಬ ವಿಷ ಕಕ್ಕುತ್ತದೆ. ಆ ವಿಷ 121 ಡಿಗ್ರಿಯಲ್ಲಿ 90 ನಿಮಿಷ ಬೇಯಿಸಿದರೂ ಜಗ್ಗುವುದಿಲ್ಲ. ಕುಕ್ಕರಿನ ಒಳಗಿನ ಶಾಖ ಹೆಚ್ಚೆಂದರೆ ಅದರ ಹತ್ತಿರ. ಹಾಗಾಗಿ ನಿನ್ನೆ ರಾತ್ರಿಯಿಂದ ಕಟ್ಟೆಯ ಮೇಲಿದ್ದ ಅನ್ನವನ್ನು ಇವತ್ತು ಎಷ್ಟು ವಿಷಿಲ್ಲು ಕೂಗಿಸಿದರೂ ಬ್ಯಾಕ್ಟೀರಿಯಾ ಸತ್ತೀತು, ಅದು ಬರೆದಿಟ್ಟ ಉಯಿಲು ಸಾಯುವುದಿಲ್ಲ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ಸಾಲುಸಾಲಾಗಿ ವಾಂತಿ ಮಾಡಿಕೊಂಡಾಗ ಇದು ಬಯಲಾಯಿತು. ಅಲ್ಲಿನ ಬಾಣಸಿಗರು ಅನ್ನ ಮಾಡಿ ಹೊರಗೇ ಬಿಡುತ್ತಿದ್ದರು, ಫ್ರಿಜ್ಜಿನಲ್ಲಿಟ್ಟರೆ ಅಗುಳು ಅಂಟಿಕೊಳ್ಳುತ್ತದೆ ಎಂದು. ಉದುರುದುರು ಬರಬೇಕೆಂಬ ಆಸೆಯೇ ಮುಳುವಾಯಿತು. ಉದುರುದುರು ಚಿತ್ರಾನ್ನದ ಅಭಿಮಾನಿಗಳು ಇದನ್ನು ಎರಡು ಸಲ ಓದಬಹುದು.

ಹಾಗಾದರೆ ಅಜ್ಜಿ ರಾತ್ರಿ ನೀರು ಹಾಕಿಟ್ಟ ತಂಗಳನ್ನ ತಿಂದು ಬೆಳೆದವರೆಲ್ಲ ಹೇಗೆ ಬದುಕಿದರು ಎಂದು ಕೇಳುತ್ತೀರಿ. ನೀರಿನಲ್ಲಿ ಮುಳುಗಿದ ಅನ್ನದಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಅವು ಹುಳಿ ಏರಿಸಿದಂತೆ ಕೆಟ್ಟವಕ್ಕೆ ಜಾಗ ಕಡಿಮೆಯಾಗುತ್ತದೆ. ಇಡ್ಲಿ ಹಿಟ್ಟು, ಮೊಸರು, ಉಪ್ಪಿನಕಾಯಿ ಎಲ್ಲದರ ಗುಟ್ಟೂ ಇದೇ: ಒಳ್ಳೆಯವರು ಮೊದಲು ಬಂದು ಸೀಟು ಹಿಡಿದುಬಿಡುವುದು. ಮೇಲುಕೋಟೆಯ ಪುಳಿಯೋಗರೆ ಬುತ್ತಿಯಲ್ಲಿ ಎರಡು ದಿನ ಬರುವುದು ಹುಣಸೆಹುಳಿ ಮತ್ತು ಎಣ್ಣೆಯ ದಯೆಯಿಂದ. ಅಲ್ಲಿ ಯಾವ ಬ್ಯಾಕ್ಟೀರಿಯಾವೂ ದುಡಿಯಬೇಕಾಗಿಲ್ಲ. ಬರೀ ಬಿಳಿ ಅನ್ನಕ್ಕೆ ಈ ಯಾವ ರಕ್ಷಣೆಯೂ ಇಲ್ಲ.

ಇನ್ನು ಮೂಸಿ ನೋಡುವ ಪಂಗಡ. ಫ್ರಿಜ್ಜಿನಿಂದ ಡಬ್ಬಿ ತೆಗೆದು, ಮುಚ್ಚಳ ಎತ್ತಿ, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು ‘ಚೆನ್ನಾಗೇ ಇದೆ’ ಎಂದು ತೀರ್ಪು ಕೊಡುವವರು. ನಾತ ಬರಿಸುವ ಸೂಕ್ಷ್ಮಾಣುಗಳು ಬಹುಪಾಲು ಪ್ರಾಮಾಣಿಕರು. ಬಂದಿದ್ದೇವೆ ಎಂದು ಬಾಗಿಲಲ್ಲೇ ಹೇಳಿಕೊಳ್ಳುತ್ತವೆ. ಆಸ್ಪತ್ರೆಗೆ ಕಳಿಸುವವು ಬಣ್ಣ, ರುಚಿ, ವಾಸನೆ ಒಂದನ್ನೂ ಕೆಡಿಸದೆ ಕೂತಿರಬಲ್ಲವು. ಫ್ರಿಜ್ಜಿನ ಮೇಲೆ ಪೂರ್ತಿ ಭರವಸೆ ಇಟ್ಟವರಿಗೆ ಲಿಸ್ಟೀರಿಯಾ ಇದೆ, ಅದು ತಣ್ಣಗಿದ್ದಲ್ಲೂ ನಿಧಾನವಾಗಿ ಬೆಳೆಯುತ್ತದೆ. 1981ರಲ್ಲಿ ಕೆನಡಾದಲ್ಲಿ ಚಳಿಗಾಲವೆಲ್ಲ ತಂಪಿನಲ್ಲಿಟ್ಟಿದ್ದ ಎಲೆಕೋಸಿನ ಕೋಸಂಬರಿಯಿಂದ ಜನ ಸತ್ತ ಮೇಲೆ ಅದು ಆಹಾರದಿಂದ ಬರುವ ರೋಗ ಎಂದು ಖಚಿತವಾಯಿತು. ಬೂಷ್ಟು ಕೆರೆದು ಉಳಿದದ್ದನ್ನು ಬಳಸುವ ಮಿತವ್ಯಯಿಗಳಿಗೆ ಅಫ್ಲಾಟಾಕ್ಸಿನ್ ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಸತ್ತದ್ದು ಇದರಿಂದ. ಹುರಿದರೂ ಪೂರ್ತಿ ಹೋಗದ ವಿಷ ಇದು. ಮುಗ್ಗಿದ ಕಡಲೆಕಾಯಿಯನ್ನು ‘ಚಟ್ನಿಗೆ ಆಗುತ್ತೆ’ ಎಂದು ಎತ್ತಿಡುವ ಪದ್ಧತಿಯ ಬಗ್ಗೆ ಇಷ್ಟು ಹೇಳಿದರೆ ಸಾಕು.

ಕೆಳಗೆ ಬಿದ್ದ ತಿಂಡಿಯನ್ನು ಎತ್ತಿ ‘ಉಫ್’ ಎಂದು ಊದಿ ಬಾಯಿಗೆ ಹಾಕಿಕೊಳ್ಳುವ ವಿದ್ಯೆಯೂ ವಿಜ್ಞಾನಿಗಳ ಕಣ್ಣು ತಪ್ಪಿಸಿಲ್ಲ. ಅಮೆರಿಕದಲ್ಲಿ ಇದಕ್ಕೆ ಐದು ಸೆಕೆಂಡಿನ ನಿಯಮ ಎನ್ನುತ್ತಾರೆ: ಐದು ಸೆಕೆಂಡಿನೊಳಗೆ ಎತ್ತಿದರೆ ರೋಗಾಣು ಹತ್ತುವುದಿಲ್ಲವಂತೆ. ಜಿಲಿಯನ್ ಕ್ಲಾರ್ಕ್ ಎಂಬ ಹೈಸ್ಕೂಲು ಹುಡುಗಿ 2003ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಇದನ್ನು ಪರೀಕ್ಷಿಸಿ, ಮರುವರ್ಷ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನ ಗೆದ್ದಳು. ಜನ ಬಿದ್ದ ಬಿಸ್ಕತ್ತು, ಮಿಠಾಯಿ ಎತ್ತಿಕೊಳ್ಳುವಷ್ಟು ಉತ್ಸಾಹದಿಂದ ಹೂಕೋಸು ಎತ್ತಿಕೊಳ್ಳುವುದಿಲ್ಲ ಎಂಬುದನ್ನೂ ಅವಳು ಕಂಡುಕೊಂಡಳು. 2016ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಡೊನಾಲ್ಡ್ ಶಾಫ್ನರ್ ಮತ್ತು ರಾಬಿನ್ ಮಿರಾಂಡಾ ಕಲ್ಲಂಗಡಿ, ಬ್ರೆಡ್ಡು, ಬೆಣ್ಣೆ ಹಚ್ಚಿದ ಬ್ರೆಡ್ಡು, ಅಂಟು ಮಿಠಾಯಿಗಳನ್ನು ಸ್ಟೀಲು, ಟೈಲ್ಸು, ಮರ, ಜಮಖಾನದ ಮೇಲೆ ಬೀಳಿಸಿ ಬೀಳಿಸಿ 2,560 ಸಲ ಅಳೆದರು. ಕಲ್ಲಂಗಡಿ ಒಂದು ಸೆಕೆಂಡೂ ಕಾಯದೆ ಎಲ್ಲವನ್ನೂ ಹೀರಿಕೊಂಡಿತು. ಜಮಖಾನ ಅಷ್ಟಾಗಿ ಬಿಟ್ಟುಕೊಡಲಿಲ್ಲ. ಇನ್ನು ಆ ‘ಉಫ್’ ವಿಷಯಕ್ಕೆ ಬಂದರೆ, ಕ್ಲೆಮ್ಸನ್ ವಿಶ್ವವಿದ್ಯಾಲಯದ ಪಾಲ್ ಡಾಸನ್ ತಂಡ 2017ರಲ್ಲಿ ಜನರಿಗೆ ಪಿಜ್ಜಾ ತಿನ್ನಿಸಿ ಹುಟ್ಟುಹಬ್ಬದ ಮೇಣದಬತ್ತಿ ಊದಿಸಿತು. ಊದಿದ ಮೇಲೆ ಕೇಕಿನ ಕೆನೆಯ ಮೇಲೆ ಬ್ಯಾಕ್ಟೀರಿಯಾ ಸರಾಸರಿ ಹದಿನೈದು ಪಟ್ಟಾಗಿತ್ತು. ಊದಿ ಶುದ್ಧ ಮಾಡುವವರು ಸ್ವಲ್ಪ ಯೋಚಿಸಬೇಕು. ಹುಟ್ಟುಹಬ್ಬಕ್ಕೆ ಇದರಿಂದ ಗಂಡಾಂತರವೇನೂ ಇಲ್ಲ; ಬಂಧುಗಳ ಎಂಜಲಿನಲ್ಲಿ ಅಪಾಯಕ್ಕಿಂತ ಪ್ರೀತಿಯೇ ಹೆಚ್ಚು.

ಇಷ್ಟೆಲ್ಲ ಭಯಗಳ ನಡುವೆ ಒಂದು ಕಡೆ ಮಾತ್ರ ‘ಅಕಸ್ಮಾತ್ ಹೊಟ್ಟೆ ಕೆಟ್ಟರೆ ನೋಡಿಕೊಳ್ಳೋಣ’ ಎನ್ನುವಂತಿರಲಿಲ್ಲ. ಅದು ಅಂತರಿಕ್ಷ. ಗುರುತ್ವಾಕರ್ಷಣೆ ಇಲ್ಲದ ಡಬ್ಬಿಯಲ್ಲಿ ಮೂರು ಜನ, ಒಬ್ಬನಿಗೆ ಭೇದಿ. ಮುಂದಿನದನ್ನು ಊಹಿಸಿಕೊಳ್ಳಿ, ಊಟದ ಹೊತ್ತಾಗಿದ್ದರೆ ಬೇಡ. ನಾಸಾ ಇದನ್ನು ಊಹಿಸಿಕೊಂಡೇ 1960ರ ಸುಮಾರಿಗೆ ಪಿಲ್ಸ್‌ಬರಿ ಎಂಬ ಹಿಟ್ಟಿನ ಕಂಪನಿಯ ಮೊರೆಹೋಯಿತು. ಮಾಡಿದ ಅಡುಗೆಯನ್ನೆಲ್ಲ ಪರೀಕ್ಷೆಗೇ ಖರ್ಚು ಮಾಡಿದರೆ ತಿನ್ನಲು ಏನೂ ಉಳಿಯುವುದಿಲ್ಲ ಎಂಬ ಫಜೀತಿ ಎದುರಾದಾಗ ಅಲ್ಲಿನ ಹೊವಾರ್ಡ್ ಬೌಮನ್ ಮತ್ತು ಸಂಗಡಿಗರು ಲೆಕ್ಕ ತಿರುಗಿಸಿದರು. ಕೊನೆಯಲ್ಲಿ ಪರೀಕ್ಷಿಸುವ ಬದಲು, ಎಲ್ಲೆಲ್ಲಿ ಕೆಡಬಹುದೋ ಆ ಹಂತಗಳನ್ನು ಮೊದಲೇ ಗುರುತಿಸಿ ಅಲ್ಲಲ್ಲೇ ಕಾವಲು ಕೂರಿಸುವುದು. ಇವತ್ತು ಹ್ಯಾಸಪ್ ಎಂದು ಲೋಕದ ಆಹಾರ ಕಾರ್ಖಾನೆಗಳೆಲ್ಲ ಜಪಿಸುವ ಮಂತ್ರ ಅದೇ. 1984ರಲ್ಲಿ ರಾಕೇಶ್ ಶರ್ಮಾ ಮೇಲೆ ಹೋದಾಗ ಬುತ್ತಿ ಕಟ್ಟಿಕೊಟ್ಟದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. ಗಗನಯಾನಕ್ಕೆ ಇಡ್ಲಿಯನ್ನೂ ಅವರೇ ಸಿದ್ಧಪಡಿಸಿದ್ದಾರೆ.

ಕಾವಲುಗಳಲ್ಲಿ ಅತಿ ಸುಲಭದ್ದು ಶಾಖ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಿಷ್ಟೇ: ಬಿಸಿ ಪದಾರ್ಥ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ತಣ್ಣನೆಯದು ಐದಕ್ಕಿಂತ ಮೇಲೇರಬಾರದು. ನಡುವೆ ಇರುವುದು ಬ್ಯಾಕ್ಟೀರಿಯಾಗಳ ಹಬ್ಬ. ಅನುಕೂಲ ಒದಗಿದರೆ ಕೆಲವು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಒಂದೇ ಒಂದು ಬ್ಯಾಕ್ಟೀರಿಯಾ ಆ ಲೆಕ್ಕದಲ್ಲಿ ಎಂಟು ಗಂಟೆಗೆ 1,67,77,216 ಆಗುತ್ತದೆ. ಬೆಳಿಗ್ಗೆ ಆರಕ್ಕೆ ಇಳಿಸಿದ ಕೂಟು ಮಧ್ಯಾಹ್ನ ಎರಡರ ಪಂಕ್ತಿಗೆ ಬರುವ ಊರಿನಲ್ಲಿ ಈ ಸಂಖ್ಯೆಯನ್ನು ಅಡುಗೆಮನೆ ಬಾಗಿಲಿಗೆ ಬರೆಸಬೇಕು.

ಇದನ್ನೆಲ್ಲ ಓದಿದ ಮೇಲೆ ಸುಮ್ಮನಿರಲಾಗದೆ ನಾನೊಂದು ಅಡುಗೆ ಥರ್ಮಾಮೀಟರು ಕೊಂಡೆ. ಮೊನ್ನೆ ಬಂಧುಗಳ ಮದುವೆಗೆ ಜೇಬಿನಲ್ಲಿಟ್ಟುಕೊಂಡು ಹೋದೆ. ಮೊದಲ ಪಂಕ್ತಿ ಎದ್ದಿತ್ತು, ಎರಡನೆಯದಕ್ಕೆ ಎಲೆ ಹಾಕುತ್ತಿದ್ದರು. ಅತ್ತೆಯ ಕಣ್ಣು ತಪ್ಪಿಸಿ ಹಿಂದಿನಿಂದ ಅಡುಗೆಮನೆ ಹೊಕ್ಕೆ. ಒಲೆಯಿಂದ ಇಳಿಸಿಟ್ಟ ಸಾಂಬಾರಿನ ಹಂಡೆ ಮೂಲೆಯಲ್ಲಿ ಬಾಯಿ ತೆರೆದು ಕೂತಿತ್ತು, ಮೇಲೆ ಕೆನೆ ಕಟ್ಟಿ ನುಗ್ಗೆಕಾಯಿ ಅಲುಗಾಡದೆ ನಿಂತಿದ್ದವು. ಕಡ್ಡಿ ಇಳಿಸಿದೆ. ಭಟ್ಟರು ಹೆಗಲ ಮೇಲಿನ ಚೌಕದಿಂದ ಮುಖ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲೇ ನಿಂತರು.

‘ಏನ್ ಸ್ವಾಮಿ ಅದು? ನಮ್ಮ ಸಾಂಬಾರಿಗೆ ಜ್ವರ ನೋಡ್ತಿದ್ದೀರಾ?’

‘ಹೂಂ. ಅರವತ್ತು ಇರಬೇಕಿತ್ತು. ನಲವತ್ತೆಂಟಕ್ಕೆ ಇಳಿದಿದೆ.’

‘ಇಳಿದಿದೆ ತಾನೆ? ಹಾಗಾದ್ರೆ ಇನ್ನೇನ್ ಯೋಚನೆ, ಹೋಗಿ ಎಲೆ ಮುಂದೆ ಕೂತ್ಕೊಳಿ’ ಎಂದು ಸೌಟು ಎತ್ತಿಕೊಂಡರು.